ಎಡಗೈ ಬೆಸುಗೆ

ಅಷ್ಟು ಹಳೆಯ ಗಾಡಿಯ ಹೊಟ್ಟೆಯಡಿ, ಅದೂ ಒಂದು ಮೊಳದಷ್ಟು ಜಾಗದಲ್ಲಿ ಮಾತ್ರ, ಹೊಸ ಕಪ್ಪು ಬಣ್ಣ ಕಂಡಾಗ ಮಾನಪ್ಪನಿಗೆ ಮೊದಲು ಆದದ್ದು ಸಂತೋಷ. ಯಾರ ಕಣ್ಣಿಗೂ ಬೀಳದ ಜಾಗಕ್ಕೂ ಗಾಡಿ ಕೊಡಿಸಿದ ಮೆಕ್ಯಾನಿಕ್ ಗೆಳೆಯ ವಾಜಿದ್ ಬಣ್ಣ ಬಳಿದಿದ್ದಾನಲ್ಲ, ತುಕ್ಕು ಹಿಡಿಯದಿರಲಿ ಅಂತ, ಎಂದುಕೊಂಡ. ಬೈಯಪ್ಪನಹಳ್ಳಿಯಲ್ಲಿ ತಾನು ಬಾಡಿಗೆಗಿದ್ದ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿದ್ದ. ಶನಿವಾರ, ಬೆಳಿಗ್ಗೆ ಎಂಟೂವರೆ. ಮರುದಿನ ನಸುಕಿನಲ್ಲಿ ಹೆಂಡತಿ ಕಾವೇರಿ, ಮಗಳು ಅಂಬಿಕಾ, ಹನ್ನೆರಡು ವರ್ಷದ ಸಂಸಾರದ ಸಾಮಾನು ಎಲ್ಲವನ್ನೂ ಈ ಡೀಸೆಲ್ ಪಿಕಪ್ಪಿನಲ್ಲಿ ಹಾಕಿಕೊಂಡು ಸುರಪುರದ ಕಡೆಯ ತನ್ನ ಊರಿಗೆ ಹೊರಡುವವನು. ಹೊರಟರೆ ವಾಪಸು ಬರುವವನಲ್ಲ. ಇಷ್ಟು ವರ್ಷ ಬೇರೆಯವರ ಗಾಡಿ ಓಡಿಸಿದ್ದು ಸಾಕು, ಇನ್ನು ಊರಿನಲ್ಲಿ ಸ್ವಂತದ್ದು ಎಂದು ತೀರ್ಮಾನಿಸಿದ್ದ. ಐನೂರು ಕಿಲೋಮೀಟರಿನ ದಾರಿ. ಅದಕ್ಕೇ ಏಳು ಗಂಟೆಯಿಂದ ಒಂದೊಂದಾಗಿ ನೋಡುತ್ತ ಬಂದಿದ್ದ: ಆಯಿಲು, ರೇಡಿಯೇಟರಿನ ನೀರು, ಬ್ರೇಕು, ಬೆಲ್ಟು, ಸ್ಟೆಪ್ನಿ. ಎಲ್ಲವೂ ವಾಜಿದ್ ಹೇಳಿದಂತೆಯೇ ಇತ್ತು, ಹೇಳಿದ್ದಕ್ಕಿಂತ ಚೆನ್ನಾಗಿತ್ತು. ತಣ್ಣಗಿದ್ದ ಇಂಜಿನ್ನು ಒಂದೇ ಸಲ ಕೀ ತಿರುಗಿಸಿದ್ದಕ್ಕೆ ಎದ್ದಿತ್ತು, ಹೊಗೆ ಬೆಳ್ಳಗೂ ಇರಲಿಲ್ಲ, ಕಪ್ಪಗೂ ಇರಲಿಲ್ಲ. ಇನ್ನು ಚಾಸಿಯ ಉದ್ದಕ್ಕೂ, ಅಂದರೆ ಇಡೀ ಗಾಡಿಯ ಭಾರ ಹೊರುವ ಆ ಕಬ್ಬಿಣದ ತೊಲೆಯ ಉದ್ದಕ್ಕೂ, ಒಮ್ಮೆ ಕೈಯಾಡಿಸಿ, ಮೇಲೆ ಹೋಗಿ ಟೀ ಕುಡಿಯುವುದಷ್ಟೇ ಬಾಕಿ. ಡ್ರೈವರನ ಬದಿಯಲ್ಲಿ, ಕ್ಯಾಬಿನ್ನು ಮುಗಿದು ಸಾಮಾನು ಹೇರುವ ಡಬ್ಬಿ ಶುರುವಾಗುವಲ್ಲಿ, ಬೆರಳು ತಡೆಯಿತು.

ಬೀಗದ ಕೈಯಿಂದ ಕೆರೆದ. ಬಣ್ಣ ಸಿಪ್ಪೆಯಂತೆ ಎದ್ದು ಕಣ್ಣಿಗೆ ಬಿತ್ತು. ಕಣ್ಣು ಉಜ್ಜಿಕೊಂಡು ಮತ್ತೆ ಕೆರೆದ. ಕೆಳಗೆ ಬೆಸುಗೆ ಇತ್ತು. ತೊಲೆಯ ಮೇಲಂಚಿನಿಂದ ಕೆಳಗಂಚಿನವರೆಗೆ ಓರೆಯಾಗಿ ಇಳಿದ ಬೆಸುಗೆ, ಅದರಾಚೆ ಒಂದು ತೇಪೆಯ ಪಟ್ಟಿ. ಚಾಸಿ ಸೀಳಿದ ಗಾಡಿ. ಎಲ್ಲೋ ಯಾವಾಗಲೋ ಭಾರಿ ಪೆಟ್ಟು ತಿಂದ ಗಾಡಿ. ಆದರೆ ಅವನನ್ನು ಗೋಣಿಯ ಮೇಲೆ ಅಲ್ಲಾಡದಂತೆ ಮಾಡಿದ್ದು ಅದಲ್ಲ. ಬೆಸುಗೆಯ ಪದರಗಳು ಮೀನಿನ ಪೊರೆಯಂತೆ ಒಂದರ ಮೇಲೊಂದು ಒತ್ತಾಗಿ ಕೂತು, ಎಲ್ಲವೂ ಎಡಕ್ಕೆ ವಾಲಿಕೊಂಡಿದ್ದವು. ವಾಜಿದ್ ಎಡಚ. ಶಿವಾಜಿನಗರದ ಅವನ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು, ಟೀ ಲೋಟ ಕೈಯಲ್ಲಿ ಹಿಡಿದು, ಕಿಡಿ ಹಾರುವಾಗ ಮುಖ ತಿರುಗಿಸಿ, ಆ ಎಡಗೈ ಕೆಲಸ ಮಾಡುವುದನ್ನು ಮಾನಪ್ಪ ಹನ್ನೆರಡು ವರ್ಷ ನೋಡಿದ್ದಾನೆ. ಸಾವಿರ ಬೆಸುಗೆಗಳ ನಡುವೆ ಇಟ್ಟರೂ ಇದನ್ನು ಗುರುತು ಹಿಡಿದಾನು. ಗಾಡಿ ನೋಡಲು ಕೆ.ಆರ್. ಪುರಕ್ಕೆ ಹೋದ ದಿನ ಅವನು ಕೆಳಗೆ ತೂರಲು ಪ್ಯಾಂಟು ಮಡಚುತ್ತಿದ್ದಾಗ ವಾಜಿದ್ ಭುಜ ಹಿಡಿದು ನಿಲ್ಲಿಸಿದ್ದ. “ನೀನ್ಯಾಕೆ ಬಟ್ಟೆ ಗಲೀಜು ಮಾಡ್ಕೋತೀಯ ಮಗಾ, ಕೆಳಗೆ ನಾನ್ ನೋಡ್ತೀನಿ.” ಆಮೇಲೆ ಬಹಳ ಹೊತ್ತು ಅವನ ಎರಡು ಪಾದಗಳಷ್ಟೇ ಹೊರಗೆ ಕಾಣುತ್ತಿದ್ದವು. ಒಳಗಿನಿಂದ ಟಕ್ ಟಕ್ ಎಂದು ಕುಟ್ಟುವ ಸದ್ದು. ತನಗಾಗಿ ಎಷ್ಟು ಕಷ್ಟಪಡುತ್ತಾನೆ ಎಂದು ಆ ಪಾದಗಳನ್ನು ನೋಡಿ ಮಾನಪ್ಪ ಅಂದುಕೊಂಡಿದ್ದ. ವಾಜಿದ್ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, “ಕಣ್ಮುಚ್ಕೊಂಡು ತಗೋ,” ಎಂದಿದ್ದ. ಮಾನಪ್ಪ ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡಿದ್ದ.

“ಏನ್ರಿ, ಇನ್ನಾ ಆಗ್ಲಿಲ್ಲೇನು? ಚಾ ಆರ್ಲಿಕತ್ತದ ನೋಡ್ರಿ.” ತಾರಸಿಯ ಅಂಚಿನಿಂದ ಕಾವೇರಿ ಕೂಗಿದಳು. ಅವಳು ತನ್ನ ಹಳೆಯ ಇಳಕಲ್ ಸೀರೆ ಕತ್ತರಿಸಿ ಮುಂದಿನ ಸೀಟಿಗೆ ಕವರು ಹೊಲಿದಿದ್ದಳು. ಬೀದಿಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದಳು, ಸ್ವಂತ ಗಾಡಿಯಲ್ಲಿ, ಮುಂದಿನ ಸೀಟಿನಲ್ಲಿ ಕೂತು ಊರಿಗೆ ಹೋಗುತ್ತೇನೆಂದು. ಮಾನಪ್ಪ ಎದ್ದು ನಿಂತು, ಮೈಯ ಮಣ್ಣು ಕೊಡವದೆ, ಶಿವಾಜಿನಗರಕ್ಕೆ ಹೋಗಿ ಬರುತ್ತೇನೆ, ಸಣ್ಣ ಕೆಲಸವಿದೆ ಎಂದ. “ವಾಜಿದಣ್ಣನ ಕಡಿ ಏನ್ರಿ? ಅಮ್ಮೀಗಿ ನಾ ಕೇಳೀನಿ ಅಂತ ಹೇಳ್ರಿ,” ಎಂದಳು. ವಾಜಿದನ ತಾಯಿಯನ್ನು ಅವಳೂ ಅಮ್ಮೀ ಎಂದೇ ಕರೆಯುತ್ತಿದ್ದಳು. ಅವನು ಗಾಡಿ ಹತ್ತಿ ಬಾಗಿಲು ಎಳೆದುಕೊಂಡ.

ಹಳೆ ಮದ್ರಾಸ್ ರಸ್ತೆಯಲ್ಲಿ ಮೆಟ್ರೊ ಕಂಬಗಳ ನೆರಳು ಗಾಜಿನ ಮೇಲೆ ಒಂದೊಂದಾಗಿ ಹಾಯುತ್ತಿತ್ತು. ನಿನ್ನೆಯವರೆಗೆ ಕಿವಿಗೆ ಬೀಳದಿದ್ದ ಸದ್ದುಗಳೆಲ್ಲ ಈಗ ಕೇಳುತ್ತಿದ್ದವು. ಪ್ರತಿ ಉಬ್ಬಿನಲ್ಲೂ ಬೆನ್ನಹಿಂದೆ ಏನೋ ಸೀಳಿದಂತೆ. ಬಾಗಿಲಿನ ಕಿರುಗುಟ್ಟುವಿಕೆಯೂ ಚಾಸಿಯದೇ ಎನ್ನಿಸುತ್ತಿತ್ತು. ಆಡಬೇಕಾದ ಮಾತನ್ನು ಒಳಗೇ ಆಡಿ ನೋಡಿದ. ನನ್ನ ಹೆಂಡತಿ ಮಗಳು ಕೂರುತ್ತಾರೆ ಅಂತ ಗೊತ್ತಿತ್ತಲ್ಲ ನಿನಗೆ. ಒಮ್ಮೆ ಮೆಲ್ಲಗೆ, ಒಮ್ಮೆ ಕೂಗಿ. ಕಮಿಷನ್ ತಿಂದಿರಬೇಕು ಎಂದುಕೊಂಡಾಗ ಒಂದು ಬಗೆಯ ಹಿತವಾಯಿತು. ಆಸೆಗೆ ಬಿದ್ದು ಮಾಡಿದ ಮೋಸವಾದರೆ ಅರ್ಥವಾಗುತ್ತದೆ, ಅಂಥದ್ದನ್ನು ಅವನು ಬೇಕಾದಷ್ಟು ನೋಡಿದ್ದ. ಇಂದಿರಾನಗರ ದಾಟಿ ಹಲಸೂರಿನ ಸಿಗ್ನಲ್ಲಿನಲ್ಲಿ ನಿಂತಾಗ ತಲೆಯೊಳಗೆ ಇನ್ನೊಂದು ಮಾತು ಬಂತು: ಅವರನ್ನ ನಂಬಬಾರದಿತ್ತು. ಬಂದ ಕೂಡಲೇ ಅದು ಅವನನ್ನೇ ಚುಚ್ಚಿತು. ‘ಅವರನ್ನ’ ಎಂಬ ಈ ಬಹುವಚನ ಎಲ್ಲಿಂದ ಬಂತು? ಹನ್ನೆರಡು ವರ್ಷ ವಾಜಿದ್ ಅವನ ಬಾಯಲ್ಲಿ, ಮನಸ್ಸಿನಲ್ಲಿ ‘ಅವನು’ ಆಗಿದ್ದ. ಒಂದು ಬೆಳಗಿನಲ್ಲಿ ಹೇಗೆ ‘ಅವರು’ ಆಗಿಬಿಟ್ಟ? ಆ ಮಾತಿನ ದನಿ ಮಾನಪ್ಪನದಾಗಿರಲಿಲ್ಲ, ಮನೆ ಮಾಲೀಕ ಮುನಿರಾಜಪ್ಪನದು. ಆ ದನಿಯನ್ನು ಹಿಡಿದುಕೊಂಡೇ ಅವನಿಗೆ ಬೇಡವಾಗಿದ್ದ ನೆನಪು ಮೇಲೆದ್ದು ಬಂತು.

ಮೂರು ವರ್ಷದ ಹಿಂದೆ ಮುನಿರಾಜಪ್ಪನ ನೆಲಮಹಡಿಯ ಮನೆ ಖಾಲಿಯಾಗಿತ್ತು. ಶಿವಾಜಿನಗರದ ಗ್ಯಾರೇಜಿನ ಮೇಲಿನ ಒಂದೇ ಕೋಣೆಯಲ್ಲಿ ತಾಯಿ, ಹೆಂಡತಿ ಫಹ್ಮಿದಾ, ಎರಡು ಮಕ್ಕಳೊಂದಿಗೆ ಇದ್ದ ವಾಜಿದನಿಗೆ ಸುದ್ದಿ ಮುಟ್ಟಿಸಿದವನು ಮಾನಪ್ಪನೇ. ಕೆಳಗೆ ನೀನು, ತಾರಸಿಯ ಮೇಲೆ ನಾನು ಎಂದು ಉಬ್ಬಿಹೋಗಿದ್ದ. ಮಾತಾಡಲು ಬರುತ್ತೇವೆಂದು ವಾಜಿದ್, ಫಹ್ಮಿದಾ ಹೇಳಿದ್ದ ಸಂಜೆ ಮೊದಲ ಮಹಡಿಯ ಪಡಸಾಲೆಯಲ್ಲಿ ಮುನಿರಾಜಪ್ಪ ಪೇಪರು ಮಡಚಿ ಅವನನ್ನು ಕೂರಿಸಿಕೊಂಡಿದ್ದರು. “ನಂಗೇನೂ ಇಲ್ಲಪ್ಪ. ಅಕ್ಕಪಕ್ಕದೋರು ಕೇಳ್ತಾರೆ. ನಿಂಗೆ ಚೆನ್ನಾಗ್ ಗೊತ್ತಿರೋರಾ? ನೀನ್ ಹೂಂ ಅಂದ್ರೆ ಕೊಡ್ತೀನಿ.” ಅಷ್ಟೇ ಕೇಳಿದ್ದು. ಗದರಿಸಿರಲಿಲ್ಲ, ಕೆಟ್ಟ ಮಾತೂ ಆಡಿರಲಿಲ್ಲ. ಹೂಂ ಎನ್ನಲು ಬಾಯಿ ತೆರೆದವನಿಗೆ ಆ ಒಂದು ‘ಹೂಂ’ನ ಭಾರ ಒಮ್ಮೆಗೇ ತಿಳಿಯಿತು. ನಾಳೆ ನೀರಿಗೆ ಜಗಳವಾದರೆ, ಯಾರೋ ಏನೋ ಅಂದರೆ, ತಾರಸಿಯ ಮೇಲಿನ ತನ್ನ ಶೀಟಿನ ಮನೆಯೂ ಹೋದರೆ? “ಅಷ್ಟೇನ್ ಪರಿಚಯ ಇಲ್ಲ ಸಾರ್. ಗಾಡಿ ರಿಪೇರಿಗೆ ಬಿಡ್ತೀವಿ, ಅಷ್ಟೇ.” ಗಂಡ ಹೆಂಡತಿ ಆ ಸಂಜೆ ಬರಲಿಲ್ಲ. ಕತ್ತಲಾದ ಮೇಲೆ ವಾಜಿದ್ ಫೋನು ಮಾಡಿದ. “ಫಹ್ಮಿದಾಗೆ ಆ ಏರಿಯಾ ದೂರ ಆಗತ್ತಂತೆ ಗುರು, ಬಿಡು.” ಬಚಾವಾದೆ ಎಂದುಕೊಂಡು ಮಾನಪ್ಪ ಊಟಕ್ಕೆ ಕೂತು ಎರಡು ರೊಟ್ಟಿ ಹೆಚ್ಚಿಗೆ ತಿಂದಿದ್ದ. ಈಗ ಹಿಂದೆ ನಿಂತಿದ್ದ ಆಟೋದವನು ಹಾರ್ನು ಒತ್ತಿ ಏನೋ ಬೈದ. ಸಿಗ್ನಲ್ಲು ಹಸಿರಾಗಿತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ, ಎಂದುಕೊಂಡು ಮಾನಪ್ಪ ಗೇರು ಹಾಕಿದ. ಅದು ಬರೀ ಒಂದು ಮಾತು. ಇದರಲ್ಲಿ ಮೂರು ಜೀವ ಕೂರುತ್ತವೆ.

ಗ್ಯಾರೇಜಿನಲ್ಲಿ ವಾಜಿದ್ ಒಬ್ಬನೇ ಇದ್ದ. ಮಾನಪ್ಪನ ಕೂದಲು, ಅಂಗಿಯ ತೋಳು ನೋಡಿದ. ಕಪ್ಪು ಬಣ್ಣದ ಚಕ್ಕೆಗಳು ಇನ್ನೂ ಅಂಟಿಕೊಂಡಿದ್ದವು. ಕೈಯಲ್ಲಿದ್ದ ಸ್ಪಾನರನ್ನು ಮೆಲ್ಲಗೆ ಕೆಳಗಿಟ್ಟ.

“ಕೆಳಗೆ ಮಲ್ಕೊಂಡಿದ್ಯಾ?”

“ಬೆಸುಗೆ ಯಾರದು?”

“ನಂದೇ.”

ಒಂದು ಕ್ಷಣವೂ ತಡಮಾಡಲಿಲ್ಲ. ದಾರಿಯುದ್ದಕ್ಕೂ ಮಾನಪ್ಪ ಸಜ್ಜಾಗಿದ್ದು ಅವನ ಸುಳ್ಳನ್ನು ಎದುರಿಸಲು. ಈ ನಿಜ ಅವನ ಕೈಯಲ್ಲಿದ್ದುದನ್ನೆಲ್ಲ ಕಿತ್ತುಕೊಂಡಿತು.

“ಹೋದ್ ವರ್ಷ ಟಿನ್ ಫ್ಯಾಕ್ಟರಿ ಹತ್ರ ಟ್ಯಾಂಕರ್ ಒಂದು ಸೈಡಿಗೆ ಗುದ್ದಿತ್ತು,” ಎಂದ ವಾಜಿದ್. “ಚಾಸಿ ಸೀಳಿತ್ತು. ನಾನೇ ಎಳ್ದು ನೇರ ಮಾಡಿ ಬೆಸೆದೆ, ಪಟ್ಟಿ ಕೊಟ್ಟೆ. ಆಮೇಲೆ ಎಂಟ್ ತಿಂಗಳು ಸಿಮೆಂಟ್ ಹೊತ್ತಿದೆ ಅದು. ಏನೂ ಆಗಿಲ್ಲ, ಏನೂ ಆಗಲ್ಲ.”

“ಬಣ್ಣ?”

“ಬಣ್ಣ ಮೊನ್ನೆ ಹೊಡ್ದೆ.”

“ನಂಗೆ ಕಾಣ್ಬಾರ್ದು ಅಂತ.”

“ಹೂಂ.”

“ಕಮಿಷನ್ ಎಷ್ಟು ಕೊಟ್ರು?”

ವಾಜಿದ್ ಅವನ ಮುಖವನ್ನೇ ನೋಡಿದ. “ಒಂದ್ ಪೈಸಾ ಇಲ್ಲ. ಅದನ್ನ ನೀನು ಕೇಳ್ತೀಯ ಅಂತಾನೂ ಗೊತ್ತಿತ್ತು ನಂಗೆ.”

“ಕಾವೇರಿ ಕೂರ್ತಾಳೆ ಅಂತ ಗೊತ್ತಿತ್ತು. ಅಂಬಿಕಾ ಕೂರ್ತಾಳೆ ಅಂತ ಗೊತ್ತಿತ್ತು. ಹೇಳ್ಬೇಕಿತ್ತು ನೀನು!” ಕೂಗಿದ್ದು ತನ್ನ ಕಿವಿಗೇ ಒರಟಾಗಿ ಕೇಳಿತು. ಎದುರಿನ ಅಂಗಡಿಯವರು ತಿರುಗಿ ನೋಡಿದರು.

“ನೀನೂ ಹೇಳ್ಬೇಕಿತ್ತು,” ಎಂದ ವಾಜಿದ್.

ಏನನ್ನು ಎಂದು ಮಾನಪ್ಪ ಕೇಳಲಿಲ್ಲ. ಕೇಳದೆ ಇದ್ದುದರಲ್ಲೇ ಎಲ್ಲ ಒಪ್ಪಿಕೊಂಡಂತಾಯಿತು. ವಾಜಿದ್ ಬೇಸಿನ್ನಿನ ಸೀಮೆಎಣ್ಣೆಯಲ್ಲಿ ಕೈ ತಿಕ್ಕುತ್ತ, ಗ್ಯಾರೇಜಿನ ಲೆಕ್ಕದ ಮಾತಿನಂತೆ ಹೇಳಿದ. “ಮುನಿರಾಜಪ್ಪೋರ್ ಮನೆ ಮೆಟ್ಲು. ನಾನು, ಫಹ್ಮಿದಾ ಇಬ್ರೂ ತಿರುವಲ್ಲಿ ನಿಂತಿದ್ವಿ. ಅವಳ ಕೈಯಲ್ಲಿ ಸ್ವೀಟ್ ಡಬ್ಬ ಇತ್ತು. ನೀನ್ ‘ಅಷ್ಟೇ’ ಅಂದಿದ್ದು ಕೇಳಿಸ್ತು. ವಾಪಸ್ ಇಳಿದ್ವಿ. ಡಬ್ಬಾನ ಬಸ್‌ಸ್ಟಾಪಲ್ಲಿ ಯಾರಿಗೋ ಕೊಟ್ಬಿಟ್ಳು.”

“ಅದ್ಕೇ ಸೇಡು ತೀರಿಸ್ಕೊಂಡ್ಯಾ?”

“ಸೇಡಾಗಿದ್ರೆ ಕೆಟ್ ಗಾಡಿ ಕೊಡಿಸ್ತಿದ್ದೆ. ಇದಕ್ಕಿಂತ ಒಳ್ಳೆ ಇಂಜಿನ್ ಇಡೀ ಬೆಂಗಳೂರಲ್ಲಿ ನಿಂಗೆ ಸಿಗ್ತಿರ್ಲಿಲ್ಲ. ಚಾಸಿ ಮಾತು ಕೇಳಿದ್ರೆ ಹೆದರಿ ಬಿಟ್ಬಿಡ್ತೀಯ ಅಂತ ಮೊದಲು ಹೇಳ್ಲಿಲ್ಲ. ಆಮೇಲೆ ಹೇಳೋಣ ಅಂತ ಮೂರ್ ಸಲ ಬಾಯಿ ತೆಗ್ದೆ. ಪ್ರತಿ ಸಲ ಆ ಮೆಟ್ಲು ಅಡ್ಡ ಬಂತು.” ಕೈ ಒರೆಸಿಕೊಂಡ. “ಪರಿಚಯ ಇಲ್ದೋನಿಗೆ ಯಾರು ಎಲ್ಲಾ ಬಿಡಿಸಿ ಹೇಳ್ತಾರೆ?”

ತಪ್ಪು ತನ್ನದೂ ಇದೆ ಎಂದು ಗೊತ್ತಾದ ಮೇಲೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಮೂರು ವರ್ಷ ಇವನಿಗೆ ಗೊತ್ತಿತ್ತು. ಗೊತ್ತಿಟ್ಟುಕೊಂಡೇ ಟೀ ತರಿಸಿದ್ದ, ತಮಾಷೆ ಮಾಡಿದ್ದ, ಮಗಾ ಎಂದಿದ್ದ. ಮೂರು ರಂಜಾನಿನಲ್ಲಿ ಮಾನಪ್ಪ ಆ ಮೇಲಿನ ಕೋಣೆಯ ಚಾಪೆಯ ಮೇಲೆ ಕೂತು ಉಂಡಿದ್ದ. ಫಹ್ಮಿದಾ ಪಾತ್ರೆ ಹಿಡಿದು ಬಗ್ಗಿ, ಇನ್ನೊಂದು ಸ್ವಲ್ಪ ಹಾಕ್ಲಾ ಅಣ್ಣ ಎಂದು ಕೇಳಿದ್ದಳು. ಬಗ್ಗಿದ ಆ ಮುಖದ ಹಿಂದೆ ಎಲ್ಲವೂ ಇತ್ತು. ಬೈದಿದ್ದರೆ, ಕಾಲರು ಹಿಡಿದು ಕೇಳಿದ್ದರೆ ಅಂದೇ ಮುಗಿಯುತ್ತಿತ್ತು. ತನ್ನ ಬೆತ್ತಲೆಯನ್ನು ನೋಡಿಬಿಟ್ಟ ಇಬ್ಬರ ಎದುರಿಗೆ ತಾನು ಮೂರು ವರ್ಷ ಬಟ್ಟೆ ಸರಿಮಾಡಿಕೊಳ್ಳುತ್ತ ಕೂತಿದ್ದೆನಲ್ಲ ಎನ್ನಿಸಿ, ಕ್ಷಮೆ ಕೇಳಬೇಕಾದ ಗಂಟಲಿನಲ್ಲಿ ಹಗೆಯೇ ಬಂದು ಕೂತಿತು.

“ಬೇಡ ಅಂದ್ರೆ ಬಿಟ್ಟೋಗು,” ಎಂದ ವಾಜಿದ್. “ಗಾಡಿ ವಾಪಸ್ ಕೊಡ್ಸೋದು ನನ್ ಜವಾಬ್ದಾರಿ. ಇನ್ನೊಂದು ಹುಡುಕ್ತೀನಿ.” ಬಾಡಿಗೆ ಮನೆ ಬಿಡುತ್ತೇವೆಂದು ಹೇಳಿಯಾಗಿದೆ, ಅಂಬಿಕಾಳ ಶಾಲೆಯ ಟೀಸಿ ತೆಗೆದಾಗಿದೆ, ಪಾತ್ರೆಪಗಡ ಗೋಣಿಯಲ್ಲಿ ಕಟ್ಟಿಟ್ಟಾಗಿದೆ. ಮಾನಪ್ಪ ಗಾಡಿಯ ಕಡೆ ತಿರುಗಿ ನೋಡಿದ. ವಾಜಿದ್ ಕತ್ತೆತ್ತಿ ಮೇಲಿನ ಕಿಟಕಿಗೆ ಕೂಗಿದ. “ಅಮ್ಮೀ! ಜರಾ ನೀಚೆ ಆಓ!”

ವಾಜಿದನ ತಾಯಿ ಶಂಶುನ್ನೀಸಾಗೆ ಎಪ್ಪತ್ತು ದಾಟಿತ್ತು. ಒಂದೊಂದು ಮೆಟ್ಟಿಲಿಗೂ ನಿಂತು ಇಳಿದು ಬಂದರು. “ನಮ್ ಮಾನಪ್ಪನ್ ಗಾಡಿನಾ? ಮಾಶಾಅಲ್ಲಾ!” ಎಂದು ಬಾನೆಟ್ಟನ್ನು ಎಮ್ಮೆಯ ಬೆನ್ನು ಸವರುವಂತೆ ಸವರಿದರು. ಅಂಬಿಕಾ ಹುಟ್ಟಿದಾಗ ಈ ಮುದುಕಿ ರವೆ, ಬಾದಾಮಿ ಹಾಕಿ ಕಾಯಿಸಿದ ಹರೀರಾವನ್ನು ಫ್ಲಾಸ್ಕಿನಲ್ಲಿ ತುಂಬಿಕೊಂಡು, ಎರಡು ಬಸ್ಸು ಬದಲಿಸಿ, ದಿನ ಬಿಟ್ಟು ದಿನ ಬೈಯಪ್ಪನಹಳ್ಳಿಗೆ ಬಂದಿದ್ದರು, ನಲವತ್ತು ದಿನ. ಅವರಿಗೆ ಮೆಟ್ಟಿಲಿನ ಸಂಗತಿ ಗೊತ್ತಿಲ್ಲವೆಂದು ಅವರ ಕಣ್ಣು ನೋಡಿದರೇ ತಿಳಿಯುತ್ತಿತ್ತು. ವಾಜಿದ್ ಅವರ ಒಂದು ರಟ್ಟೆ ಹಿಡಿದ. ಇನ್ನೊಂದನ್ನು ಮಾನಪ್ಪ ಹಿಡಿಯಲೇಬೇಕಾಯಿತು. ಕಾವೇರಿ ಹೊಲಿದ ಸೀರೆಯ ಕವರಿನ ಮೇಲೆ ಅವರನ್ನು ನಡುವೆ ಕೂರಿಸಿದರು. ವಾಜಿದ್ ಸ್ಟೇರಿಂಗಿಗೆ, ಮಾನಪ್ಪ ಕಿಟಕಿಗೆ.

ಹಲಸೂರು ಕೆರೆಯ ಸುತ್ತ ವಾಜಿದ್ ಗಾಡಿಯನ್ನು ಓಡಿಸಿದ್ದು ಮನುಷ್ಯರು ಓಡಿಸುವಂತಲ್ಲ. ಉಬ್ಬುಗಳ ಮೇಲೆ ಬ್ರೇಕು ಮುಟ್ಟಲಿಲ್ಲ. ಗುಂಡಿ ಕಂಡರೆ ಹುಡುಕಿಕೊಂಡು ಹೋಗಿ ಚಕ್ರ ಇಳಿಸಿದ. ಮಾನಪ್ಪನ ತಲೆ ಹೋಗಿ ಚಾವಣಿಗೆ ಬಡಿಯಿತು. “ಮೆಲ್ಲಗೆ ಓಡ್ಸೋ, ನನ್ ಮೊಣಕಾಲು!” ಎಂದು ಮುದುಕಿ ಮಗನ ತೊಡೆಗೆ ಹೊಡೆದು, ಬೀಳದಂತೆ ಇನ್ನೊಂದು ಕೈಯಲ್ಲಿ ಮಾನಪ್ಪನ ಮಣಿಕಟ್ಟು ಹಿಡಿದುಕೊಂಡರು. “ಊರಲ್ಲಿ ಗಾಡಿಗೆ ಯಾರ್ ಕಣ್ಣೂ ಬೀಳ್ದೆ ಇರ್ಲಿ. ನಿಂಬೆಹಣ್ಣು ಕಟ್ಟು, ನಾನೇನೂ ಅನ್ಕೊಳಲ್ಲ,” ಎಂದು ತಾವೇ ನಕ್ಕರು. ವಾಜಿದ್ ನಗಲಿಲ್ಲ. ಮುಂದಿನ ಗುಂಡಿಗೆ ಚಕ್ರ ಇಳಿಸಿದ. ಚಾಸಿ ಒಂದು ಸಲವೂ ಸದ್ದು ಮಾಡಲಿಲ್ಲ. ಸದ್ದು ಮಾಡಲಿ, ಒಂದೇ ಒಂದು ಸಲ ಮಾಡಲಿ ಎಂದು ತಾನು ಕಾಯುತ್ತಿರುವುದು ಗೊತ್ತಾಗಿ, ಆ ಮುದಿ ಕೈಯೊಳಗೆ ಮಾನಪ್ಪನ ಮಣಿಕಟ್ಟು ಬೆವೆತಿತು.

ಗ್ಯಾರೇಜಿನ ಮುಂದೆ ಇಂಜಿನ್ನು ಬಂದ್ ಮಾಡಿ, ತಾಯಿ ಮೇಲೆ ಹತ್ತಿ ಹೋಗುವವರೆಗೂ ವಾಜಿದ್ ಕಾದ. “ಈಗ?”

“ಸರಿ,” ಎಂದ ಮಾನಪ್ಪ.

“ಅವರಿಬ್ರನ್ನ ಕೂರಿಸ್ಕೊಂಡು ಹೋಗ್ತೀಯಲ್ಲ?”

“ಹೂಂ.”

ಆದರೆ ಮನೆಗೆ ಬಂದವನು ಕಾವೇರಿಗೆ ಹೇಳಿದ್ದು, ನೀವಿಬ್ಬರೂ ಸಂಜೆಯ ರೈಲಿಗೆ ಹೊರಡಿ ಎಂದು. ಯಾದಗಿರಿ ಸ್ಟೇಷನ್ನಿಗೆ ನಿನ್ನ ತಮ್ಮ ಭೀಮಾಶಂಕರ ಬರುತ್ತಾನೆ, ಫೋನು ಮಾಡಿದ್ದೇನೆ. ಅವಳು ಕೈಯಲ್ಲಿದ್ದ ಸೌಟು ಹಾಗೇ ಹಿಡಿದುಕೊಂಡು ನಿಂತಳು. “ಅಲ್ರಿ, ಸ್ವಂತ ಗಾಡಿ ಇಟ್ಕೊಂಡು ರೈಲಿಗ್ಯಾಕ್ರಿ?” “ಅಂಬಿಕಾಗ ವಾಂತಿ ಆಗ್ತದ. ಹನ್ನೆರಡು ತಾಸಿನ ದಾರಿ ಅದ.” “ಆಕೀಗಿ ಯಾವಾಗ್ರಿ ವಾಂತಿ ಆಗ್ಯದ?” ಅವನು ರೇಗಿದ, ಹೇಳಿದಷ್ಟು ಕೇಳು ಎಂದು ಮಗಳ ಎದುರಿಗೇ ಕೂಗಿದ. ಬೆಸುಗೆಯ ಮಾತು ಹೇಳಿದರೆ ವಾಜಿದನ ಹೆಸರು ಹೇಳಬೇಕು, ವಾಜಿದನ ಹೆಸರು ಹೇಳಿದರೆ ಯಾಕೆ ಎಂದು ಅವಳು ಕೇಳುತ್ತಾಳೆ, ಆಗ ಮೆಟ್ಟಿಲಿನವರೆಗೂ ಹೋಗಬೇಕಾಗುತ್ತದೆ. ಕಾವೇರಿ ಸೌಟು ಕೆಳಗಿಟ್ಟಳು. ಕೆಳಗೆ ಹೋಗಿ ಸೀಟಿನ ಕವರು ಬಿಚ್ಚಿಕೊಂಡು ಬಂದು, ಮಡಚಿ, ತನ್ನ ಚೀಲದೊಳಗೆ ಹಾಕಿಕೊಂಡಳು. ರೈಲು ಹೊರಡುವಾಗಲೂ ಅವಳು ಈಚೆ ನೋಡಲಿಲ್ಲ; ಅಂಬಿಕಾ ಒಬ್ಬಳೇ ಕೈಬೀಸಿದಳು.

ಭಾನುವಾರ ನಸುಕಿನಲ್ಲಿ ಹೊರಟವನು ಹನ್ನೊಂದಕ್ಕೆ ಚಿತ್ರದುರ್ಗ ದಾಟಿ, ರಸ್ತೆ ಬದಿಯ ಹೊಂಗೆಮರದಡಿ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಿದ್ದ. ಅಷ್ಟು ಹೇರು ಹೊತ್ತು ಗಾಡಿ ಹೂವಿನಂತೆ ಓಡಿಬಂದಿತ್ತು. ಫೋನು ಬಡಿಯಿತು. ವಾಜಿದ್.

“ಎಲ್ಲಿದ್ದೀಯ?”

“ದುರ್ಗ ದಾಟ್ದೆ.”

“ಗಾಡಿ?”

“ಚೆನ್ನಾಗಿದೆ.”

“ಕಾವೇರಮ್ಮ, ಅಂಬಿಕಾ? ಕುಲುಕಾಟ ಏನಾದ್ರೂ ಅಂದ್ರಾ?”

ಪಕ್ಕದ ಬರಿ ಸೀಟಿನ ಮೇಲೆ ನೀರಿನ ಬಾಟಲಿ ಉರುಳಿಕೊಂಡು ಬಿದ್ದಿತ್ತು. “ಇಲ್ಲೇ ಇದ್ದಾರೆ,” ಎಂದ ಮಾನಪ್ಪ. “ಇಬ್ರಿಗೂ ನಿದ್ದೆ ಹತ್ತಿದೆ.”

ಆ ಕಡೆ ಯಾರೋ ತಗಡು ಬಡಿಯುತ್ತಿರುವುದು ಕೇಳುತ್ತಿತ್ತು. ಆಮೇಲೆ, “ಸರಿ. ಎಬ್ಬಿಸ್ಬೇಡ,” ಎಂದು ವಾಜಿದ್ ಫೋನು ಇಟ್ಟ. ಮಾನಪ್ಪನಿಗೆ ಒಂದು ಬಗೆಯ ಹಗುರವಾಯಿತು. ಮನಸ್ಸು ಮುರಿದಿದ್ದರೂ ಅವನಿಗೆ ನೋವಾಗದಂತೆ ನಡೆದುಕೊಂಡೆ, ದೊಡ್ಡತನ ತೋರಿಸಿದವನು ನಾನೇ, ಎಂದುಕೊಂಡ. ಕೈ ತೊಳೆದು ಗಾಡಿ ಹತ್ತಿದವನು ಹೊಸಪೇಟೆಯವರೆಗೂ ಸಣ್ಣಗೆ ಶಿಳ್ಳೆ ಹಾಕುತ್ತ ಹೋದ.

ತಿಂಥಣಿಯಲ್ಲಿ ಕೃಷ್ಣೆ ದಾಟಿ ಊರು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಓಣಿಯ ಜನ ಬಂದು ಗಾಡಿಯ ಸುತ್ತ ನಿಂತರು. ಕಾವೇರಿ ಮುನಿಸು ಮರೆಯದಿದ್ದರೂ ತಂಬಿಗೆಯಲ್ಲಿ ನೀರು ತಂದು ಚಕ್ರಗಳಿಗೆ ಹಾಕಿದಳು. ಭೀಮಾಶಂಕರ ಒಂದು ಸುತ್ತು ಬಂದು ಬಾನೆಟ್ಟಿಗೆ ಗುದ್ದಿ ನೋಡಿದ. “ಕಲ್ಲಿನಂಗ ಅದ ಮಾವ ಗಾಡಿ. ಯಾರು ಕೊಡ್ಸಿದ್ರು?”

“ಪರಿಚಯದವ್ರು ಒಬ್ರು,” ಎಂದ ಮಾನಪ್ಪ, ಹೇರಿನ ಹಗ್ಗಕ್ಕೆ ಕೈ ಹಾಕುತ್ತ.

“ಪರಿಚಯದವ್ರೇನ್ರಿ?” ಕಾವೇರಿ ತಂಬಿಗೆ ಹಿಡಿದು ತಿರುಗಿದಳು. ನಿನ್ನೆಯ ರೇಗಾಟದ ಮೇಲೆ ಅವನ ಮುಖ ನೋಡಿ ಆಡಿದ ಮೊದಲ ಮಾತು ಅದು. “ವಾಜಿದಣ್ಣ ಅನ್ಲಿಕ್ಕೆ ಬಾಯಿ ಬರಲ್ಲೇನು?” ತಮ್ಮನ ಕಡೆ ತಿರುಗಿ ಹೇಳತೊಡಗಿದಳು. “ಖಾಸಾ ಅಣ್ಣ ಇದ್ದಂಗ ಅದಾರಪ್ಪ ಅವರು. ರೈಲು ಹತ್ತಿದ ಕೂಡ್ಲೇ ಅಮ್ಮೀಗಿ ಫೋನ್ ಮಾಡಿದ್ವಿ, ಹೇಳದ ಹೋಗ್ಬಾರ್ದು ಅಂತ. ವಾಜಿದಣ್ಣನೇ ಎತ್ತಿದ್ರು. ನಾವು ರೈಲಿನಾಗ ಅದೀವಿ ಅಂದ್ರ ನಂಬ್ಲೇ ಇಲ್ಲ. ಎರಡು ಸಲ ಕೇಳಿದ್ರು, ಮಾನಪ್ಪ ಗಾಡಿನಾಗ ಒಬ್ನೇ ಬರ್ತಾನೇನು ಅಂತ.”

“ಯಾವಾಗ?” ಎಂದ ಮಾನಪ್ಪ.

“ಹೇಳ್ದೆನಲ್ರಿ, ನಿನ್ನಿ ಸಂಜಿಗಿ. ರೈಲು ಹತ್ತಿದ ಕೂಡ್ಲೇ.”

ನಿನ್ನೆ ಸಂಜೆಯೇ ಗೊತ್ತಿದ್ದವನು ಈ ಹೊತ್ತು ಹನ್ನೊಂದಕ್ಕೆ ಫೋನು ಮಾಡಿ ಕೇಳಿದ್ದ. ಕೇಳಿ, ಎಬ್ಬಿಸಬೇಡ ಎಂದಿದ್ದ. ಭೀಮಾಶಂಕರ ಡಬ್ಬಿಯ ಆಚೆ ಬದಿಯಲ್ಲಿ ನಿಂತು ಹಗ್ಗ ಎಳೆಯುತ್ತ, “ಬಿಡ್ರಿ ಮಾವ, ಈ ಕಡಿಗಿ ಬಿಡ್ರಿ,” ಎಂದು ಕೂಗುತ್ತಿದ್ದ. ಮಾನಪ್ಪ ಗಂಟನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಹಾಗೇ ನಿಂತಿದ್ದ.